ಅರಗಿನ ಬಿಸಿ

ಚನ್ನಪಟ್ಟಣದಲ್ಲಿ ಬೊಂಬೆ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಉಳಿ ಮುಟ್ಟಲೇ ಇಲ್ಲ. ಆಲೆ ಮರದ ತುಂಡು ಒಣಗಿಸುವುದು, ಹೊಟ್ಟು ಗುಡಿಸುವುದು, ಟೀ ತರುವುದು, ಅಷ್ಟೇ. ಹಸಿ ಮರ ಕಡೆದರೆ ಬೊಂಬೆ ಸೀಳುತ್ತದೆಂದು ಉಸ್ತಾದರು ಬಾಯಿಬಿಟ್ಟು ಹೇಳಲಿಲ್ಲ. ಒಂದು ಸೀಳುವವರೆಗೆ ಕಾದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಬಣ್ಣ ಹತ್ತುತ್ತದೆ, ಆಮೇಲೆ ಕೇದಗೆ ಗರಿ ಒತ್ತಿದರೆ ಹೊಳಪು. ಎಷ್ಟು ಒತ್ತಬೇಕು? ಅದು ಕೈಗೇ ಗೊತ್ತಾಗಬೇಕು.

ವಿದ್ಯುತ್ ಬರುವ ಮೊದಲು ಬಿಲ್ಲು ಎಳೆದೇ ಮರ ತಿರುಗಿಸುತ್ತಿದ್ದರಂತೆ. ಪರ್ಷಿಯಾದ ಕಸುಬುದಾರರನ್ನು ಟಿಪ್ಪು ಕರೆಸಿದ ಎನ್ನುವುದು ಊರ ಮಾತು. ಜಪಾನಿನ ವಿಧಾನಗಳನ್ನು ಇಲ್ಲಿನ ಬೊಂಬೆಗೆ ತಂದ ಹಿರಿಮೆ ಬಾವಾಸ್ ಮಿಯಾ ಅವರದು. ಪರಊರ ವಿದ್ಯೆಗೆ ನಮ್ಮೂರು ಎಂದೂ ಬಾಗಿಲು ಹಾಕಿದ್ದಲ್ಲ.

1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಯ ಕಲಿಕೆಗೆ ಅವಧಿ, ಭತ್ಯೆ, ಪ್ರಮಾಣಪತ್ರ ಕೊಟ್ಟಿತು. ಮನೆಯ ಲೇತಿನ ಮುಂದೆ ಕೂತ ನಮಗೆ ಅದು ತಲುಪಲಿಲ್ಲ. ನನಗೆ ಸಿಕ್ಕಿದ್ದು ಎರಡು ಹೊತ್ತು ಊಟ, ಹಬ್ಬಕ್ಕೊಂದು ಅಂಗಿ. ಮಗ ಐಟಿಐ ಮುಗಿಸಿ ಬಿಡದಿಯ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದ. ಮೊದಲ ತಿಂಗಳಿಂದಲೇ ದುಡ್ಡು. ಅವನನ್ನು ಹೇಗೆ ಬೈಯಲಿ?

ಬೊಂಬೆ ಕಲಿಯುವ ಹುಡುಗನಿಗೂ ಆ ಭತ್ಯೆ ಕೊಡಿ. ಲೇತ್ ಖಾಲಿ ಇದೆ, ಕಲಿಸಲು ನಾನಿದ್ದೇನೆ.