ಜವಳಿ ತ್ಯಾಜ್ಯನೀರು

ನೂಲು, ಬಟ್ಟೆಗಳ ಗಂಜಿ ತೆಗೆಯುವುದು, ಬಿಳುಪು ಮಾಡುವುದು, ಬಣ್ಣ ಹಾಕುವುದು, ತೊಳೆಯುವುದು ಮುಂತಾದ ಹಂತಗಳಿಂದ ಹೊರಬೀಳುವ ಕೈಗಾರಿಕಾ ಕೊಳಚೆ. ಮಗ್ಗದ ಕೆಲಸಕ್ಕೆ ನೀರು ಅಲ್ಪ; ಹೊರೆಯೆಲ್ಲ ಒದ್ದೆ ಸಂಸ್ಕರಣೆಯದು. ಗಂಜಿಯ ಪಿಷ್ಟ ನೀರಿನ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಏರಿಸುತ್ತದೆ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಿಡಿಸಲು ಸುರಿದ ಉಪ್ಪು ಬಹುಪಾಲು ನೀರಲ್ಲೇ ಉಳಿಯುತ್ತದೆ. ಜೈವಿಕ ಶುದ್ಧೀಕರಣಕ್ಕೆ ಪಿಷ್ಟ ಬಗ್ಗುತ್ತದೆ, ಉಪ್ಪು ಬಗ್ಗದು. ಅದಕ್ಕೆ ರಿವರ್ಸ್ ಆಸ್ಮೋಸಿಸ್ ಮತ್ತು ಆವಿಯಾಗಿಸುವ ಯಂತ್ರ ಬೇಕು. ಈ ವೆಚ್ಚ ಸಣ್ಣ ಘಟಕಗಳಿಗೆ ಎಟುಕದ್ದರಿಂದಲೇ ಸಾಮೂಹಿಕ ಶುದ್ಧೀಕರಣ ಘಟಕಗಳ ಏರ್ಪಾಡು. ಕೊನೆಯ ತೊಳೆತದ ನೀರನ್ನು ಮುಂದಿನ ಬಟ್ಟೆಯ ಮೊದಲ ತೊಳೆತಕ್ಕೆ ಬಳಸುವುದು ಅಗ್ಗದ ಉಳಿತಾಯ.

ನಿಯಂತ್ರಣ 1974ರ ಜಲಮಾಲಿನ್ಯ ಕಾಯ್ದೆಯಡಿ. 2016ರ ಕೇಂದ್ರ ಮಾನದಂಡದಂತೆ ಹೊರಬಿಡುವ ನೀರಿನ ಬಿಒಡಿ ಲೀಟರಿಗೆ 30, ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) 250 ಮಿಲಿಗ್ರಾಂ ಮೀರಬಾರದು.

ಕರ್ನಾಟಕದಲ್ಲಿ ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳು ಪ್ರಮುಖ ನಿದರ್ಶನ. ಬೀದರಿನಲ್ಲಿ ಪ್ರಶ್ನೆ ನೆಲದ್ದು: ನಗರವಿರುವ ಜಂಬಿಟ್ಟಿಗೆ ಪ್ರಸ್ಥಭೂಮಿ ನೀರನ್ನು ಬೇಗ ಒಳಗಿಳಿಸುತ್ತದೆ. ಬಹಮನಿ ಕಾಲದ ನೌಬಾದ್ ಕರೇಜ್ ಎಂಬ ಸುರಂಗ ಜಲಮಾರ್ಗಕ್ಕೆ ಆಧಾರವಾದದ್ದು ಇದೇ ಗುಣ. ನೆಲಕ್ಕೆ ಬಿಟ್ಟ ಬಣ್ಣದ ನೀರು ಬಾವಿ ಸೇರುವ ಅಪಾಯಕ್ಕೂ ಇದೇ ಕಾರಣ. ಇದೇ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯ ಹಳ್ಳಗಳ ನೀರು ಮಾಂಜ್ರಾ ನದಿಯ ಮೂಲಕ ಗೋದಾವರಿಗೆ ಸೇರುತ್ತದೆ.