ಸ್ಪರ್ಧೆ ಇದೆ, ಮೇಷ್ಟ್ರು ಎಲ್ಲಿ?

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಯತ್ತ ಹೊರಟವರಿಗೆ ದಾರಿಯಲ್ಲಿ ಅತ್ತಿಗುಂಡಿ ಸಿಗುತ್ತದೆ. ಸುತ್ತ ಕಾಫಿ ತೋಟ, ಮೇಲೆ ಗಿರಿಸಾಲು. ಮಾಣಿಕ್ಯಧಾರೆ ನೋಡುವ ಅವಸರದಲ್ಲಿರುವ ಪ್ರವಾಸಿಗರು ಊರನ್ನು ಗಮನಿಸುವ ಮೊದಲೇ ದಾಟಿಬಿಡುತ್ತಾರೆ. ಇಂಥದೊಂದು ಊರಿನ ಒಂಬತ್ತನೆಯ ತರಗತಿಯ ಹುಡುಗಿಗೆ ನಾಟಕದ ಹುಚ್ಚು ಹಿಡಿಯಿತು ಎನ್ನಿ. ಅವಳು ಯಾರ ಬಳಿ ಕಲಿಯಬೇಕು?

ಸರ್ಕಾರದ ಬಳಿ ಇದಕ್ಕೆ ಒಂದು ಸಿದ್ಧ ಉತ್ತರವಿದೆ: ಪ್ರತಿಭಾ ಕಾರಂಜಿ. 2001-02ರಲ್ಲಿ ಶಿಕ್ಷಣ ಇಲಾಖೆ ಆರಂಭಿಸಿದ ಈ ಕಾರ್ಯಕ್ರಮ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಹತ್ತುತ್ತಾ ರಾಜ್ಯಮಟ್ಟ ತಲುಪುತ್ತದೆ. ಜನಪದ ಗೀತೆ, ಭಾವಗೀತೆ, ರಂಗೋಲಿ, ಛದ್ಮವೇಷ, ಮಿಮಿಕ್ರಿ, ಕವ್ವಾಲಿ, ಎಲ್ಲಕ್ಕೂ ಅಲ್ಲಿ ಜಾಗವಿದೆ. ಖಾಸಗಿ ಶಾಲೆಗಳ ವಾರ್ಷಿಕೋತ್ಸವದ ವೈಭವ ಕಾಣದ ಸರ್ಕಾರಿ ಶಾಲೆಯ ಮಕ್ಕಳಿಗೆ ವೇದಿಕೆ ದೊರೆತದ್ದು ಸಣ್ಣ ಸಂಗತಿಯಲ್ಲ. ಕೇಂದ್ರ ಸರ್ಕಾರ 2015ರಲ್ಲಿ ‘ಕಲಾ ಉತ್ಸವ’ ಆರಂಭಿಸಿದಾಗಲೂ ಪ್ರೌಢ ಹಂತದ ಮಕ್ಕಳನ್ನೇ ಮುಂದಿಟ್ಟುಕೊಂಡಿತು.

ಆದರೆ ಇವೆಲ್ಲ ಸ್ಪರ್ಧೆಗಳು. ಕಲಿತದ್ದನ್ನು ತೋರಿಸಲು ಐದು ನಿಮಿಷ ಸಿಗುತ್ತದೆ, ಕಲಿಯಲು ವರ್ಷವಿಡೀ ಯಾರೂ ಸಿಗುವುದಿಲ್ಲ. ಸ್ಪರ್ಧೆಗೆ ಎಂಟು ದಿನ ಮೊದಲು ವಿಜ್ಞಾನದ ಮೇಷ್ಟ್ರೋ ಕನ್ನಡದ ಟೀಚರೋ ಹಾಡು ಹೇಳಿಕೊಟ್ಟು ಹುಡುಗರನ್ನು ಬಸ್ಸು ಹತ್ತಿಸಬೇಕು. ಮನೆಯಲ್ಲಿ ಸಂಗೀತ ಪಾಠವಿರುವ ಪೇಟೆಯ ಮಗುವಿನ ಎದುರು ತೋಟದ ಲೈನಿನ ಮಗು ನಿಲ್ಲುವುದು ಹೀಗೆ.

ಕರ್ನಾಟಕದಲ್ಲಿ ಮಕ್ಕಳಿಗೆ ಕಲೆ ಕಲಿಸುವ ಯೋಚನೆ ಸ್ಪರ್ಧೆಯಿಂದ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1930ರ ದಶಕದಲ್ಲೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಪಾಠಪುಸ್ತಕದಾಚೆಯ ಶಿಕ್ಷಣವನ್ನು ಪ್ರಯೋಗಿಸಿದರು. ಮಕ್ಕಳು ಕುಣಿಯಬೇಕು, ಆಡಬೇಕು, ತಾವೇ ನೋಡಿ ತಿಳಿಯಬೇಕು ಎಂಬುದು ಅವರ ಹಟ. ಅದೇ ದಶಕದಲ್ಲಿ ಅವರು ‘ಬಾಲ ಪ್ರಪಂಚ’ವನ್ನೂ ಹೊರತಂದರು. ಮುಂದೆ ಬಿ.ವಿ. ಕಾರಂತರು ರವೀಂದ್ರನಾಥ ಠಾಕೂರರ ಗಿಳಿಯ ಕತೆಯನ್ನು ‘ಪಂಜರ ಶಾಲೆ’ಯಾಗಿ ರಂಗಕ್ಕೆ ತಂದರು. ಗಿಳಿಗೆ ವಿದ್ಯೆ ಕಲಿಸುವ ಭರದಲ್ಲಿ ಗಿಳಿಯನ್ನೇ ಕೊಲ್ಲುವ ಆ ಕತೆ ನಮ್ಮ ಶಾಲೆಗಳ ಬಗ್ಗೆಯೇ ಇತ್ತು. ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ನಾಟಕ ಕೇಂದ್ರ ಕಟ್ಟಿದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾಗಿ, ಬೇಸಿಗೆಯ ‘ಚಿಣ್ಣರ ಮೇಳ’ ಅಲ್ಲಿನ ವಾಡಿಕೆಯಾಯಿತು. ಇಂದು ಊರೂರಿನಲ್ಲಿ ಕಾಣುವ ಬೇಸಿಗೆ ಶಿಬಿರಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇವುಗಳ ಮೊಮ್ಮಕ್ಕಳು.

ಕೊರತೆ ಕಾಣುವುದು ವಯಸ್ಸಿನ ಲೆಕ್ಕದಲ್ಲಿ. ಇಂಥ ಶಿಬಿರಗಳ ಬಾಗಿಲು ಬಹುಮಟ್ಟಿಗೆ 14ಕ್ಕೆ ಮುಚ್ಚುತ್ತದೆ. ಹೆಗ್ಗೋಡಿನ ನೀನಾಸಂ 1980ರಲ್ಲಿ ತೆರೆದ ರಂಗಶಿಕ್ಷಣ ಕೇಂದ್ರದಂಥ ಕಡೆ ಪ್ರವೇಶ ಸಿಗುವುದು ದೊಡ್ಡವರಾದ ಮೇಲೆ. ನಡುವಿನ ವರ್ಷಗಳು ಎಸ್ಸೆಸ್ಸೆಲ್ಸಿಯ ಪಾಲು. ದಶಕಗಳ ಕಾಲ ನಡೆದುಬಂದ 625 ಅಂಕಗಳ ಲೆಕ್ಕದಲ್ಲಿ ಚಿತ್ರಕ್ಕಾಗಲೀ ನಾಟಕಕ್ಕಾಗಲೀ ಒಂದು ಅಂಕವೂ ಇರಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ನಾಟಕ, ಚಿತ್ರ ನಾಲ್ಕನ್ನೂ ಶಾಲೆಯ ಎಲ್ಲ ಹಂತಗಳಲ್ಲಿ ಕಲಿಸಬೇಕೆಂದು ಹೇಳಿತು. ನಮ್ಮಲ್ಲಿ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರ ನೇಮಕವೂ ಆಯಿತು. ಆದರೆ ಶಾಲೆಗಳ ಸಂಖ್ಯೆಗೆ ಹೋಲಿಸಿದರೆ ಅವರು ಬಹಳ ಕಡಿಮೆ.

ಚಿತ್ರಕಲೆಯ ಕತೆ ಸ್ವಲ್ಪ ಬೇರೆ. ಮುಂಬಯಿ ಪ್ರಾಂತ್ಯದಲ್ಲಿ ಬ್ರಿಟಿಷರ ಕಾಲದಲ್ಲೇ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳಿದ್ದವು. ಕರ್ನಾಟಕದಲ್ಲೂ ಲೋಯರ್, ಹೈಯರ್ ಎಂಬ ಎರಡು ಗ್ರೇಡ್ ಪರೀಕ್ಷೆಗಳಿವೆ. ಡ್ರಾಯಿಂಗ್ ಮೇಷ್ಟ್ರು ಇರುವ ಹೈಸ್ಕೂಲಿನ ಹುಡುಗರು ಅವನ್ನು ಕಟ್ಟುತ್ತಾರೆ. ಇಲ್ಲದ ಕಡೆ ಅಂಥ ಪರೀಕ್ಷೆ ಇದೆಯೆಂಬ ಸುದ್ದಿಯೂ ತಲುಪುವುದು ಕಷ್ಟ.

ಸ್ಪರ್ಧೆಯನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಕೇರಳವನ್ನು ನೋಡಬಹುದು. ಅಲ್ಲಿನ ಶಾಲಾ ಕಲೋತ್ಸವ 1957ರಲ್ಲಿ ಎರ್ನಾಕುಲದಲ್ಲಿ ಆರಂಭವಾಯಿತು. ಕಾಸರಗೋಡಿನ ಕನ್ನಡ ಮಕ್ಕಳಿಗೆ ಇದರಿಂದ ಉಪಕಾರವೂ ಆಗಿದೆ. ಸ್ಪರ್ಧೆಗಳ ಪಟ್ಟಿಯಲ್ಲಿ ಯಕ್ಷಗಾನಕ್ಕೂ ಜಾಗವಿದೆ. 2019ರಲ್ಲಿ ಕಲೋತ್ಸವ ಅದೇ ಜಿಲ್ಲೆಯ ಕಾಞಂಗಾಡಿನಲ್ಲಿ ನಡೆಯಿತು. ಆದರೆ ದುಬಾರಿ ವೇಷಭೂಷಣ, ಖಾಸಗಿ ಗುರುಗಳು, ತೀರ್ಪಿನ ವಿರುದ್ಧ ಕೋರ್ಟಿಗೆ ಹೋಗುವ ತಂದೆತಾಯಿಗಳು, ಇವೂ ಆ ಉತ್ಸವದ ಭಾಗವಾದವು. ಕೊನೆಗೆ ‘ಕಲಾತಿಲಕ’, ‘ಕಲಾಪ್ರತಿಭಾ’ ಎಂಬ ವೈಯಕ್ತಿಕ ಬಿರುದುಗಳನ್ನೇ 2006ರಲ್ಲಿ ಕೈಬಿಡಬೇಕಾಯಿತು.

ಮಲೆನಾಡಿಗೆ ಇನ್ನೊಂದು ತೊಡಕಿದೆ, ಅದು ಮಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಲ್ಲಾಧಿಕಾರಿಗಳು ಮತ್ತೆ ಮತ್ತೆ ಶಾಲೆಗೆ ರಜೆ ಸಾರುತ್ತಾರೆ. ಆ ದಿನಗಳ ಪಾಠವನ್ನು ಮುಂದೆ ಶನಿವಾರಗಳಲ್ಲಿ ತುಂಬಿಕೊಡಬೇಕು. ಹಾಡು, ಆಟ, ನಾಟಕಕ್ಕೆ ಬಿಡುವಿದ್ದರೆ ಶನಿವಾರವೇ ತಾನೆ! ಹಾಗಾಗಿ ಮೊದಲು ಹೋಗುವುದು ಅದೇ. ಮಳೆ ಬಿಟ್ಟ ಮೇಲೆ ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರು, ಹೊಸ ವರ್ಷ ಬಂದರೆ ರೊಬಸ್ಟಾ. ತೋಟದಲ್ಲಿ ಎಲ್ಲರಿಗೂ ಕೈತುಂಬಾ ಕೆಲಸ. ಅಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಸಂಜೆ ಅಭ್ಯಾಸಕ್ಕೆ ನಿಂತರೆ ಮನೆಗೆ ಹೋಗುವ ಬಸ್ಸು ತಪ್ಪುತ್ತದೆ ಎಂಬ ಚಿಂತೆ ಬೇರೆ.

ಘಟ್ಟದ ಕೆಳಗೆ ಬೇರೊಂದು ದಾರಿ ಹುಡುಕಿದ್ದಾರೆ. ಉಡುಪಿಯ ಯಕ್ಷಗಾನ ಕಲಾರಂಗ ಯಕ್ಷಶಿಕ್ಷಣ ಟ್ರಸ್ಟಿನೊಡನೆ ಸೇರಿ ಪ್ರೌಢಶಾಲೆಗಳಿಗೇ ಗುರುಗಳನ್ನು ಕಳಿಸುತ್ತದೆ. ಮಕ್ಕಳು ತಿಂಗಳುಗಟ್ಟಲೆ ಹೆಜ್ಜೆ, ತಾಳ, ಮಾತು ಕಲಿತು ವರ್ಷದ ಕೊನೆಗೆ ಕಿಶೋರ ಯಕ್ಷಗಾನದಲ್ಲಿ ಪೂರ್ಣ ಪ್ರಸಂಗ ಆಡುತ್ತಾರೆ. ಹುಡುಗಿಯರು ಗಂಡು ವೇಷ ಕಟ್ಟಿ ಅಬ್ಬರಿಸುವುದನ್ನು ಅಲ್ಲಿ ನೋಡಬಹುದು. ಮೊದಲ ಬಹುಮಾನಕ್ಕಿಂತ ಇಡೀ ತಂಡ ಒಂದು ಪ್ರಸಂಗವನ್ನು ಕೊನೆಮುಟ್ಟಿಸುವುದೇ ಇಲ್ಲಿ ಮುಖ್ಯ. ನನ್ನ ಮಟ್ಟಿಗೆ ಈ ಕ್ರಮದ ಹೆಚ್ಚುಗಾರಿಕೆ ಅದೇ.

ಕಳಸದಿಂದ ಕುದುರೆಮುಖದ ಮೇಲೆ ಘಟ್ಟ ಇಳಿದರೆ ಕಾರ್ಕಳ. ಯಕ್ಷಗಾನ ಈ ಸೀಮೆಗೂ ಹೊಸದಲ್ಲ. ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟಕ್ಕೆ ಹೊರಡುವುದು ನವೆಂಬರಿನ ಹೊತ್ತಿಗೆ. ನಡುವಿನ ಮಳೆಗಾಲದಲ್ಲಿ ಕಲಾವಿದರಿಗೆ ಬಿಡುವು. ಕರಾವಳಿಯ ಶಾಲೆಗಳಲ್ಲಿ ತರಗತಿ ನಡೆಯಲು ಇದೂ ಅನುಕೂಲವಾಗಿದೆ. ಗಿರಿಯ ಮೇಲೆ ಅವೇ ತಿಂಗಳುಗಳಲ್ಲಿ ಶಾಲೆಯ ಬಾಗಿಲಿಗೆ ಮಳೆಯ ರಜೆ.