ನೆಲದೊಳಗೆ ಎರಕಗೊಳ್ಳುವ ಕಂಬ

ಮೆದು ನೆಲದಲ್ಲಿ ಕಟ್ಟಡ ನಿಲ್ಲಿಸಲು ಮರದ ಕಂಬಗಳ ತಲೆಗೆ ಬಡಿದು ಇಳಿಸುವುದು ಪ್ರಾಚೀನ ಪದ್ಧತಿ. ಬೆಲ್ಜಿಯಂ ದೇಶದ ಎಡ್ಗಾರ್ ಫ್ರಾಂಕಿನ್ಯೂಲ್ 1909ರಲ್ಲಿ ಪೇಟೆಂಟ್ ಪಡೆದ ವಿಧಾನವು ಪೆಟ್ಟಿನ ಸ್ಥಾನವನ್ನೇ ಬದಲಿಸಿತು. ಉಕ್ಕಿನ ಕೊಳವೆಯನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ತಳಕ್ಕೆ ನೀರು ಕಡಿಮೆಯಿರುವ ಕಾಂಕ್ರೀಟ್ ಸುರಿದು, ಕೊಳವೆಯೊಳಗೇ ಭಾರವಾದ ಗುಂಡನ್ನು ಬೀಳಿಸುವರು. ಬಿಗಿದ ಕಾಂಕ್ರೀಟಿನ ಬಿರಡೆಯು ಘರ್ಷಣೆಯಿಂದ ಕೊಳವೆಯನ್ನು ಕಚ್ಚಿ, ತನ್ನೊಡನೆ ಕೆಳಗೆಳೆಯುತ್ತದೆ. (ಘರ್ಷಣೆಯೆಂದರೆ ಬರೀ ನಷ್ಟವೆಂದು ಉತ್ತರಪತ್ರಿಕೆಯಲ್ಲಿ ಬರೆದ ನನ್ನ ಶಿಷ್ಯರು ಇದನ್ನು ಗಮನಿಸಬೇಕು!) ಬೇಕಾದ ಆಳದಲ್ಲಿ ಕೊಳವೆಯನ್ನು ತಡೆದು ಹಿಡಿದು ಬಿರಡೆಯನ್ನು ಹೊರಕ್ಕೆ ಕುಟ್ಟಿದರೆ, ಗೆಡ್ಡೆಯಂತಹ ಅಗಲವಾದ ಪಾದ ಮೂಡುತ್ತದೆ. ಬಳಿಕ ಕಾಂಕ್ರೀಟ್ ತುಂಬಿ ಕುಟ್ಟುತ್ತಾ ಕೊಳವೆಯನ್ನು ಸ್ವಲ್ಪಸ್ವಲ್ಪವೇ ಮೇಲೆತ್ತಬೇಕು. ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಕೊಳವೆಯ ಕೆಳಬಾಯಿ ಕಾಂಕ್ರೀಟನ್ನು ಬಿಟ್ಟು ಮೇಲೆದ್ದರೆ ಸುತ್ತಲಿನ ಮಣ್ಣು ಒಳನುಗ್ಗಿ, ಕಂಬದ ನಡುವು ಸಣ್ಣದಾಗುತ್ತದೆ. ಮೇಲೆ ನಿಂತು ನೋಡುವವರ ಕಣ್ಣಿಗೆ ಆ ಊನ ಕಾಣದು.